ಗಾಳಿಯ ಮರ್ಜಿಯಲ್ಲಿ ಐದು ದಿನ: ಟೈಗರ್ ಮಾತ್ ಹಾರಾಟ

ಮೊದಲ ದಿನ: ವಿಟಲ್ಸ್‌ಫರ್ಡ್

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಕೇಂಬ್ರಿಡ್ಜ್ ಕಡೆಯ ರೈಲು ಹತ್ತಿ ಒಂದು ಗಂಟೆಯ ಚಿಲ್ಲರೆ ಕೂತರೆ ವಿಟಲ್ಸ್‌ಫರ್ಡ್ ಪಾರ್ಕ್‌ವೇ ಎಂಬ ಪುಟ್ಟ ಸ್ಟೇಷನ್. ಟೈಗರ್ ಮಾತ್ ಎಂಬ ಹಳೆಯ, ಎರಡಂತಸ್ತಿನ ರೆಕ್ಕೆಯ ತರಬೇತಿ ವಿಮಾನದಲ್ಲಿ ಹಾರಲು ಹೋಗಬೇಕಾದ ಡಕ್ಸ್‌ಫರ್ಡ್ ವಿಮಾನ ನಿಲ್ದಾಣ ಇಲ್ಲಿಂದ ಎರಡು ಮೂರು ಮೈಲಿ. ಸ್ಟೇಷನ್ ಹೊರಗೆ ಟ್ಯಾಕ್ಸಿಗಳು ಸಾಲುಗಟ್ಟಿ ಕಾಯುತ್ತವೆ ಅಂದುಕೊಂಡು ಇಳಿದರೆ ಸೂಟ್‌ಕೇಸ್ ಎಳೆದುಕೊಂಡು ನಡೆಯಬೇಕಾಗುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಹೇಳಿಟ್ಟಿದ್ದರೆ ಒಳ್ಳೆಯದು.

ತಂಗಿದ್ದು ಹಳ್ಳಿಯೊಳಗೆ, ಹುಲ್ಲು ಹೊದಿಸಿದ ಮನೆಗಳ ನಡುವೆ. ಮೇ ತಿಂಗಳು, ರಾತ್ರಿ ಒಂಬತ್ತಾದರೂ ಬೆಳಕು. ಊಟಕ್ಕೆ ಸಿಪ್ಪೆ ಸಮೇತ ಬೇಯಿಸಿದ ಇಡೀ ಆಲೂಗಡ್ಡೆ, ಅದರ ಹೊಟ್ಟೆ ಸೀಳಿ ಬೆಣ್ಣೆ, ಮೇಲೆ ಸಿಹಿ ಟೊಮೆಟೊ ಸಾಸಿನ ಬೀನ್ಸ್. ಬ್ಯಾಗಿನಲ್ಲಿದ್ದ ಚಟ್ನಿಪುಡಿ ಉದುರಿಸಿಕೊಂಡ ಮೇಲೆ ಅದೂ ಊಟವೇ ಆಯಿತು. ಮನೆಯಾಕೆ ಕಿಟಕಿಯಾಚೆ ತೂಗುತ್ತಿದ್ದ ಮರದ ತುದಿ ನೋಡಿ, "ನಾಳೆ ನಿಮ್ಮನ್ನು ಹಾರಿಸೋದಿಲ್ಲ ಬಿಡಿ" ಅಂದರು. ಎಪ್ಪತ್ತು ದಾಟಿದವರು, ಈ ಹಳ್ಳಿಯಲ್ಲೇ ಹುಟ್ಟಿದವರು. ಹವಾಮಾನದ ಆಪ್ ಮೂರು ಸಲ ಮಾತು ಬದಲಿಸಿತು, ಆಕೆಯ ಮಾತು ಬದಲಾಗಲಿಲ್ಲ.

ಹಳೆಯ ತರಬೇತಿ ವಿಮಾನದಲ್ಲಿ ಹಾರಬೇಕೆಂದು ಅಷ್ಟು ದೂರ ಹೋಗುವವರು ಒಂದೇ ದಿನದ ಲೆಕ್ಕ ಇಟ್ಟುಕೊಂಡು ಹೋಗಬಾರದು. ಕನಿಷ್ಠ ಎರಡು ದಿನ ಕೈಯಲ್ಲಿರಲಿ. ಟಿಕೆಟ್ ನಿಮ್ಮದು, ಹಾರಾಟ ಗಾಳಿಯದು.

ಎರಡನೇ ದಿನ: ಡಕ್ಸ್‌ಫರ್ಡ್, ನೆಲದ ಮೇಲೆ

ಡಕ್ಸ್‌ಫರ್ಡ್ ರನ್‌ವೇ ಮಲಗಿರುವುದು ನೈಋತ್ಯ-ಈಶಾನ್ಯ ದಿಕ್ಕಿಗೆ. ಪಕ್ಕಪಕ್ಕದಲ್ಲಿ ಎರಡು: ಒಂದು ಗಟ್ಟಿ ನೆಲದ್ದು, ಇನ್ನೊಂದು ಹುಲ್ಲಿನದು. ಅವತ್ತು ಗಾಳಿ ವಾಯವ್ಯದಿಂದ, 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ರನ್‌ವೇಗೆ ಹೆಚ್ಚುಕಡಿಮೆ ನೇರ ಅಡ್ಡಗಾಳಿ. ಟೈಗರ್ ಮಾತ್ ಹಾರಿಸುವವರು ಅಡ್ಡಗಾಳಿ 8-10 ನಾಟ್ ಮುಟ್ಟಿತೆಂದರೆ ಬೀಗದ ಕೈ ಮೊಳೆಗೆ ನೇತುಹಾಕಿ ಚಹಾಕ್ಕೆ ಹೋಗುತ್ತಾರೆ. ಅದರಲ್ಲಿ ಅಂಜಿಕೆ ಇಲ್ಲ, ಲೆಕ್ಕ ಇದೆ. ವೇಗ ಸುಮಾರು 40 ನಾಟ್‌ಗಿಂತ ಇಳಿದರೆ ಈ ವಿಮಾನ ಹಾರಲಾರದು. 15 ನಾಟ್ ಪಕ್ಕದಿಂದ ತಳ್ಳಿದರೆ ಇಳಿಯುವಾಗಿನ ವೇಗದ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಡ್ಡ ಹೋಯಿತು. ಎರಡು ಅಂತಸ್ತಿನ ರೆಕ್ಕೆ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ, ಚಕ್ರಕ್ಕೆ ಬ್ರೇಕ್ ಇಲ್ಲ. ಒಮ್ಮೆ ಮೂಗು ಗಾಳಿಯ ಕಡೆ ತಿರುಗಿದರೆ ಹಿಡಿದು ನಿಲ್ಲಿಸುವುದು ಕಷ್ಟ.

ಹಾಗಾಗಿ ಇಡೀ ದಿನ ವಿಮಾನ ನಿಲ್ಲಿಸುವ ಹ್ಯಾಂಗರುಗಳಲ್ಲಿ. ಡಕ್ಸ್‌ಫರ್ಡ್ ಈಗ ಇಂಪೀರಿಯಲ್ ವಾರ್ ಮ್ಯೂಸಿಯಂನ ಭಾಗ. 1938ರಲ್ಲಿ ಬ್ರಿಟಿಷ್ ವಾಯುಪಡೆಯ ಮೊದಲ ಸ್ಪಿಟ್‌ಫೈರ್ ಯುದ್ಧವಿಮಾನ ಬಂದಿಳಿದದ್ದು ಇಲ್ಲಿನ 19ನೇ ಸ್ಕ್ವಾಡ್ರನ್ನಿಗೆ. ಜನರೆಲ್ಲ ಶಬ್ದಕ್ಕಿಂತ ವೇಗದ ವಿಮಾನ ಕಾಂಕಾರ್ಡ್ ಮುಂದೆ ಮುಗಿಬೀಳುತ್ತಾರೆ. ಬೀಳಲಿ. ಮೊದಲ ಮಹಾಯುದ್ಧದ ಕಾಲದ ಮರದ ಕಮಾನಿನ ಹ್ಯಾಂಗರುಗಳಲ್ಲಿ ಆಗ ಜನ ಕಡಿಮೆ, ರಿಪೇರಿ ಕೆಲಸ ಹತ್ತಿರದಿಂದ ನೋಡಲು ಸಿಗುತ್ತದೆ.

ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ಎಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಇದನ್ನು ತಯಾರಿಸಿದ ಕಂಪನಿ ಕಟ್ಟಿದ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಚಿಟ್ಟೆ-ಪತಂಗಗಳ ಹುಚ್ಚು, ಅದಕ್ಕೇ ಮಾತ್ ಎಂಬ ಹೆಸರು. ಪಕ್ಕದಿಂದ ನೋಡಿದರೆ ಇದರ ರೆಕ್ಕೆಗಳು ಸ್ವಲ್ಪ ಹಿಂದಕ್ಕೆ ವಾಲಿವೆ. ಅಂದಕ್ಕಲ್ಲ. ಹಳೆಯ ಮಾತ್‌ಗಳಲ್ಲಿ ಮೇಲಿನ ರೆಕ್ಕೆಯ ನಡುಭಾಗ, ಅಂದರೆ ಪೆಟ್ರೋಲ್ ಟ್ಯಾಂಕು, ಮುಂದಿನ ಸೀಟಿನ ನೆತ್ತಿಯ ಮೇಲೇ ಇತ್ತು. ಪ್ಯಾರಾಚೂಟ್ ಕಟ್ಟಿಕೊಂಡ ಮನುಷ್ಯ ಅದರ ಕೆಳಗಿನಿಂದ ನುಸುಳಿ ಹೊರಬೀಳುವಂತಿರಲಿಲ್ಲ. ವಾಯುಪಡೆ ತಕರಾರು ತೆಗೆಯಿತು. ನಡುಭಾಗವನ್ನು ಮುಂದಕ್ಕೆ ಸರಿಸಿದರು. ಅಷ್ಟಕ್ಕೆ ತೂಕದ ಲೆಕ್ಕ ತಪ್ಪಿತು. ಸರಿಮಾಡಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಎಳೆದರು. ಎಳೆದ ಮೇಲೆ ಕೆಳಗಿನ ರೆಕ್ಕೆಯ ತುದಿ ನೆಲಕ್ಕೆ ಹತ್ತಿರ ಬಂತು, ಅದನ್ನು ಮೇಲಕ್ಕೆ ಬಾಗಿಸಿದರು. ಒಂದು ತೇಪೆಗೆ ಇನ್ನೊಂದು ತೇಪೆ ಹಾಕುತ್ತಾ ಹುಟ್ಟಿದ ವಿಮಾನ ಇಷ್ಟು ಚಂದ ಕಾಣುವುದೇ ಸೋಜಿಗ.

ಒಂದು ರೆಕ್ಕೆಗೆ ಬಟ್ಟೆ ಹೊದಿಸುತ್ತಿದ್ದ ಹಿರಿಯ ಸ್ವಯಂಸೇವಕರು ಕೈಕೆಲಸ ನಿಲ್ಲಿಸದೆ ಮಾತಿಗೆ ಸಿಕ್ಕರು. ರೆಕ್ಕೆಯ ಒಳಗೆ ಸ್ಪ್ರೂಸ್ ಮರದ ತೊಲೆ, ಮರದ ಪಕ್ಕೆಲುಬು. ಮೇಲೆ ಮೊದಲೆಲ್ಲ ಐರಿಶ್ ಲಿನನ್, ಈಗ ಹಲವರು ಪಾಲಿಯೆಸ್ಟರ್ ಬಟ್ಟೆ ಬಳಸುತ್ತಾರೆ. ಮೇಣ ಹಚ್ಚಿದ ದಾರವನ್ನು ಉದ್ದನೆಯ ಸೂಜಿಯಲ್ಲಿ ರೆಕ್ಕೆಯ ಮೇಲಿನಿಂದ ಕೆಳಕ್ಕೆ ತೂರಿಸಿ, ಪಕ್ಕೆಲುಬನ್ನು ಸುತ್ತಿಸಿ, ಮತ್ತೆ ಮೇಲೆ ತಂದು ಗಂಟು. ಕೆಲವೇ ಇಂಚು ಬಿಟ್ಟು ಮತ್ತೊಂದು. ಗಂಟಿನ ಸಾಲಿನ ಮೇಲೆ ಹಲ್ಲಂಚಿನ ಪಟ್ಟಿ ಅಂಟಿಸುತ್ತಾರೆ. ಆಮೇಲೆ ಡೋಪ್ ಎಂಬ ಮೆರುಗೆಣ್ಣೆ, ಪದರದ ಮೇಲೆ ಪದರ. ಒಣಗುತ್ತಾ ಅದು ಲಿನನ್ನನ್ನು ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರಬೇಕು. "ಸಡಿಲ ಸದ್ದು ಬಂದರೆ ಪಟ್ಟ ಪಾಡೆಲ್ಲ ಮತ್ತೆ ಮೊದಲಿಂದ" ಎಂದು ತಟ್ಟಿ ತೋರಿಸಿದರು.

ಮಧ್ಯಾಹ್ನ ಟೈಗರ್ ಮಾತ್ ಪಕ್ಕದಲ್ಲಿ ಕನ್ನಡ ಕಿವಿಗೆ ಬಿತ್ತು. ಕೇಂಬ್ರಿಡ್ಜಿನಲ್ಲಿ ಕೆಲಸ ಮಾಡುವ ದಾವಣಗೆರೆ ಕಡೆಯ ದಂಪತಿ, ಜೊತೆಗೆ ಏಳೆಂಟು ವರ್ಷದ ಮಗಳು. "ಬ್ರೇಕೇ ಇಲ್ವಾ ಸಾರ್? ಮತ್ತೆ ನಿಲ್ಸೋದು ಹೆಂಗೆ?" ಎಂದು ಆತ ಕೇಳಿದ್ದಕ್ಕೆ ಉತ್ತರ ಬಾಲದಡಿ ಇತ್ತು. ಚಕ್ರ ಇರಬೇಕಾದ ಜಾಗದಲ್ಲಿ ಕಬ್ಬಿಣದ ಪಾದುಕೆ ಇರುವ ಒಂದು ಕಡ್ಡಿ. ಹುಲ್ಲಿನಲ್ಲಿ ನೇಗಿಲಿನಂತೆ ಗೀರುತ್ತಾ ಹೋಗುತ್ತದೆ, ಅದೇ ಬ್ರೇಕ್. ಕಾಂಕ್ರೀಟಿನ ಮೇಲಾದರೆ ಹಿಡಿತವಿಲ್ಲದೆ ಜಾರುತ್ತದೆ, ಪಾದುಕೆ ಬೇಗ ಸವೆಯುತ್ತದೆ. ಈ ವಿಮಾನಕ್ಕೆ ಹುಲ್ಲಿನ ರನ್‌ವೇ ಬೇಕೆನ್ನುವುದು ಅದಕ್ಕೇ. ಮಗಳು ಬಗ್ಗಿ ನೋಡಿ, "ಅಜ್ಜನ ಊರಲ್ಲಿ ಎತ್ತಿಂದು ಇದೆಯಲ್ಲ, ಹಂಗೇ" ಅಂದಳು. ಸರಿಯಾಗಿಯೇ ನೋಡಿದ್ದಳು.

ಮೂರನೇ ದಿನ: ಹಾರಾಟ

ಬೆಳಿಗ್ಗೆ ಗಾಳಿಚೀಲ ಕಂಬಕ್ಕೆ ಜೋತುಬಿದ್ದಿತ್ತು. ಐದು ನಾಟ್ ಇದ್ದೀತು, ಅದೂ ನೈಋತ್ಯದಿಂದ, ರನ್‌ವೇ ಉದ್ದಕ್ಕೆ.

ಮೊದಲು ಬಟ್ಟೆ. ನೆಲದ ಮೇಲೆ ಅಂಗಿಯಲ್ಲೇ ಬೆಚ್ಚಗಿರುವ ದಿನವೂ ಸಾವಿರ ಅಡಿ ಮೇಲೆ ಎರಡು ಡಿಗ್ರಿ ಕಡಿಮೆ. ಮೇಲೆ ಗಂಟೆಗೆ 80 ಮೈಲಿಯ ಗಾಳಿ ಮುಖಕ್ಕೆ. ಜಾಕೆಟ್, ತೊಗಲಿನ ಶಿರಸ್ತ್ರಾಣ, ಕನ್ನಡಕ ಅವರೇ ಕೊಡುತ್ತಾರೆ. ಕೈಗವಸು ಮಾತ್ರ ನಿಮ್ಮದೇ ತೆಳುವಾದದ್ದಿರಲಿ, ದಪ್ಪನೆಯದರಲ್ಲಿ ವಿಮಾನ ನಡೆಸುವ ಸ್ಟಿಕ್ ಹೇಳುವುದು ಬೆರಳಿಗೆ ಕೇಳಿಸುವುದಿಲ್ಲ. ಜೇಬೆಲ್ಲ ಖಾಲಿ ಮಾಡಿಸುತ್ತಾರೆ. ನಾಣ್ಯವೊಂದು ನೆಲಕ್ಕೆ ಬಿದ್ದು ಸ್ಟಿಕ್ಕಿನ ಸಂದಿಗೆ ಉರುಳಿದರೆ ಹಾರಾಟ ಅಲ್ಲಿಗೇ ಕೆಟ್ಟಿತು. ಹತ್ತುವಾಗ ಕೆಳರೆಕ್ಕೆಯ ಬುಡದಲ್ಲಿರುವ ಕಪ್ಪು ಪಟ್ಟಿಯ ಮೇಲೆ ಮಾತ್ರ ಕಾಲು. ಒಂದು ಗೇಣು ಆಚೆ ಇಟ್ಟರೆ ಬಟ್ಟೆ ಹರಿದು ಪಾದ ಒಳಗೆ.

ಪ್ರಯಾಣಿಕನಿಗೆ ಮುಂದಿನ ಸೀಟು, ಪೈಲಟ್ ಹಿಂದೆ. ತರಬೇತಿಯ ದಿನಗಳಲ್ಲಿ ಗುರು ಮುಂದೆ, ಶಿಷ್ಯ ಹಿಂದೆ. ಒಬ್ಬನೇ ಹಾರುವಾಗಲೂ ಹಿಂದಿನ ಸೀಟೇ. ಮುಂದೆ ಕೂತರೆ ತೂಕ ಮೂಗಿಗೆ ಬೀಳುತ್ತದೆ. ಎದುರಿಗೆ ವೇಗ, ಎತ್ತರ, ಎಂಜಿನ್ ಸುತ್ತು, ಎಣ್ಣೆಯ ಒತ್ತಡ ತೋರಿಸುವ ನಾಲ್ಕಾರು ಮಾಪಕ, ಅಷ್ಟೆ. ಪೆಟ್ರೋಲ್ ಎಷ್ಟಿದೆ ಎಂದು ನೋಡಬೇಕಾದರೆ ತಲೆ ಎತ್ತಬೇಕು: ಮೇಲಿನ ರೆಕ್ಕೆಯ ಟ್ಯಾಂಕಿನ ನೆತ್ತಿಯಲ್ಲಿ ಗಾಜಿನ ಕೊಳವೆ, ಅದರಲ್ಲಿ ಏರಿಳಿಯುವ ತೇಲು. ಟ್ಯಾಂಕು ಹಿಡಿಯುವುದು 19 ಗ್ಯಾಲನ್, ಸುಮಾರು 86 ಲೀಟರ್. ಗಂಟೆಗೆ ಮೂವತ್ತು ಲೀಟರ್ ಹತ್ತಿರ ಕುಡಿಯುತ್ತದೆ. ಪಂಪ್ ಇಲ್ಲ, ಮೇಲಿನಿಂದ ತಾನಾಗಿ ಇಳಿಯುತ್ತದೆ.

ಎಂಜಿನ್ ಚಾಲೂ ಮಾಡುವುದೇ ಒಂದು ವಿಧಿ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳ ಸ್ವಿಚ್ಚುಗಳು ಕಾಕ್‌ಪಿಟ್ಟಿನ ಹೊರಗೆ, ಎಡಬದಿಯಲ್ಲಿ, ಪ್ರೊಪೆಲ್ಲರ್ ತಿರುಗಿಸುವವನ ಕಣ್ಣಿಗೆ ಬೀಳುವಂತೆ ಇವೆ. ನೋಡಲು ಥೇಟ್ ಹಳೆಯ ಮನೆಗಳ ದೀಪದ ಸ್ವಿಚ್. ಆದರೆ ಮನೆಯಲ್ಲಿ ಕೆಳಕ್ಕೆ ಒತ್ತಿದರೆ ದೀಪ, ಇಲ್ಲಿ ಮೇಲಕ್ಕೆತ್ತಿದರೆ ಚಾಲೂ. ಇದನ್ನು ಮರೆತವನ ಕೈ ಉಳಿಯುವುದಿಲ್ಲ. ಚಕ್ರಕ್ಕೆ ಮರದ ತಡೆ ಇಟ್ಟ ಮೇಲೆ ಇಬ್ಬರ ನಡುವೆ ಕೂಗಿನ ಮಾತು. ಸ್ವಿಚ್ ಆಫ್, ಪೆಟ್ರೋಲ್ ಆನ್, ಥ್ರಾಟಲ್ (ಎಂಜಿನ್ನಿನ ಶಕ್ತಿ ಏರಿಳಿಸುವ ಹಿಡಿ) ಮುಚ್ಚಿದೆ. ಕೆಳಗಿನವನು ಕಾರ್ಬ್ಯುರೇಟರಿನ ತೇಲನ್ನು ಒತ್ತಿ ಹಿಡಿಯುತ್ತಾನೆ, ಪೆಟ್ರೋಲ್ ತುಂಬಿ ಹೊರಗೆ ತೊಟ್ಟಿಕ್ಕುವ ತನಕ. ಆಮೇಲೆ ಪ್ರೊಪೆಲ್ಲರನ್ನು ನಾಲ್ಕು ಅಲಗು ಕೈಯಲ್ಲೇ ತಿರುಗಿಸಿ ಸಿಲಿಂಡರಿಗೆ ಹೀರಿಸುತ್ತಾನೆ. ಥ್ರಾಟಲ್ ಕಾಲಿಂಚು ಮುಂದಕ್ಕೆ. "ಕಾಂಟ್ಯಾಕ್ಟ್!" ಸ್ವಿಚ್ ಮೇಲಕ್ಕೆ. ಅಲಗು ಹಿಡಿದು ಒಂದೇ ಎಳೆತ, ಎಳೆದ ಭರದಲ್ಲೇ ದೇಹ ಹಿಂದಕ್ಕೆ.

ಅವತ್ತು ಹೊತ್ತಲಿಲ್ಲ. ಎರಡನೇ ಎಳೆತಕ್ಕೂ ಇಲ್ಲ, ಮೂರಕ್ಕೂ ಇಲ್ಲ. ಪೆಟ್ರೋಲಿನ ಘಾಟು ಮಾತ್ರ ಜೋರಾಯಿತು: ಹೀರಿಸಿದ್ದು ಹೆಚ್ಚಾಗಿತ್ತು. ಇದಕ್ಕೆ ಮದ್ದು, ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆಗೆದು, ಪ್ರೊಪೆಲ್ಲರನ್ನು ಎಂಟು ಹತ್ತು ಅಲಗು ಹಿಮ್ಮುಖವಾಗಿ ತಿರುಗಿಸುವುದು. ಒಳಗಿನ ಹೆಚ್ಚುವರಿ ಪೆಟ್ರೋಲ್ ಉಸಿರಿನ ಹಾಗೆ ಹೊರಬರುತ್ತದೆ. ಥ್ರಾಟಲ್ ಮತ್ತೆ ಮುಚ್ಚಲು ಮರೆತು "ಕಾಂಟ್ಯಾಕ್ಟ್" ಅಂದರೆ ಪೂರ್ಣ ಶಕ್ತಿಯಲ್ಲಿ ಎಂಜಿನ್ ಹೊತ್ತಿ ವಿಮಾನ ತಡೆ ಹಾರಿಕೊಂಡು ಹೋಗುತ್ತದೆ. ಹಾಗಾಗಿ ಮಾತಿನ ಸರಪಣಿ ಮತ್ತೆ ಮೊದಲಿಂದ, ಒಂದೂ ಬಿಡದೆ. ಈ ಸಲ ಒಂದೇ ಎಳೆತಕ್ಕೆ ಜಿಪ್ಸಿ ಮೇಜರ್ ಎಂಜಿನ್ ಕೆಮ್ಮಿ, ನೀಲಿ ಹೊಗೆ ಬಿಟ್ಟು, ಲಯ ಹಿಡಿಯಿತು.

ಈ ಎಂಜಿನ್ನಿನ ನಾಲ್ಕು ಸಿಲಿಂಡರು ತಲೆಕೆಳಗಾಗಿ ನೇತಾಡುತ್ತವೆ, ಪೈಲಟ್‌ಗೆ ಮುಂದಿನ ನೋಟ ಅಡ್ಡವಾಗಬಾರದೆಂದು. 6.1 ಲೀಟರ್, 130 ಅಶ್ವಶಕ್ತಿ. ತಲೆಕೆಳಗಾದ್ದರಿಂದ ನಿಂತಿದ್ದಾಗಲೂ ಎಣ್ಣೆ ಮೆಲ್ಲಗೆ ಸಿಲಿಂಡರಿಗೆ ಇಳಿಯುತ್ತದೆ, ಆ ಹೊಗೆ ಅದರದ್ದು. ಅರ್ಧ ನಿಮಿಷದೊಳಗೆ ಎಣ್ಣೆಯ ಮುಳ್ಳು ಏಳಬೇಕು, ಇಲ್ಲದಿದ್ದರೆ ಆರಿಸಿಬಿಡಬೇಕು. ಚದರ ಇಂಚಿಗೆ 40 ಪೌಂಡ್ ಆಸುಪಾಸು ಇದ್ದರೆ ನೆಮ್ಮದಿ. ನಾಲ್ಕು ನಿಮಿಷ ಸಾವಿರ ಸುತ್ತಿಗಿಂತ ಕೆಳಗೇ ಬೆಚ್ಚಗಾಗಲು ಬಿಟ್ಟು, ಆಮೇಲೆ 1600ಕ್ಕೆ ಏರಿಸಿ ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಆರಿಸಿ ಪರೀಕ್ಷೆ. ಸುತ್ತು ನೂರರೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಇಳಿದು ಗಡಗಡ ಅಂದರೆ ಪ್ಲಗ್ಗಿಗೆ ಎಣ್ಣೆ ಹಿಡಿದಿದೆ ಎಂದೇ ಅರ್ಥ.

ನೆಲದ ಮೇಲೆ ಹಾವಿನ ನಡಿಗೆ. ಮೂಗು ಮೇಲೆದ್ದಿರುವುದರಿಂದ ಮುಂದೇನಿದೆ ಕಾಣುವುದಿಲ್ಲ; ಎಡಕ್ಕೆ ತಿರುಗಿ ಬಲಕ್ಕೆ ನೋಡು, ಬಲಕ್ಕೆ ತಿರುಗಿ ಎಡಕ್ಕೆ ನೋಡು. ರನ್‌ವೇ ತುದಿಯಲ್ಲಿ ಗಾಳಿಗೆ ಎದುರಾಗಿ ನಿಂತು ಥ್ರಾಟಲ್ ಏರಿಸುತ್ತಿದ್ದಂತೆ ಮೂಗು ಬಲಕ್ಕೆಳೆಯುತ್ತದೆ. ಕೂತವನ ಕಣ್ಣಿಗೆ ಈ ಪ್ರೊಪೆಲ್ಲರ್ ತಿರುಗುವುದು ಎಡಕ್ಕೆ, ಅಮೆರಿಕದ ಹಾರ್ವರ್ಡ್ ತರಬೇತಿ ವಿಮಾನಕ್ಕೆ ತದ್ವಿರುದ್ಧ. ಹಾಗಾಗಿ ಬಾಲದಲ್ಲಿದ್ದು ಮೂಗು ತಿರುಗಿಸುವ ರಡ್ಡರ್‌ಗೆ ಎಡಗಾಲು ಒತ್ತಬೇಕು. ಹಾರ್ವರ್ಡ್ ಕಲಿತು ಬಂದವರು ಇಲ್ಲಿ ರೂಢಿಯ ಬಲಗಾಲು ಒತ್ತಿ ಪೇಚಿಗೆ ಸಿಕ್ಕುವುದುಂಟು. ಸ್ಟಿಕ್ ತುಸು ಮುಂದೆ, ಬಾಲ ಏಳುತ್ತದೆ, ಆಗ ಮೊದಲ ಸಲ ದಿಗಂತ ಕಾಣುತ್ತದೆ. ಹುಲ್ಲಿನ ಕುಲುಕಾಟ ಸಣ್ಣಗಾಗುತ್ತಾ ಆಗುತ್ತಾ ನಿಂತೇ ಹೋಯಿತು. ನೆಲ ಬಿಟ್ಟದ್ದು ಗೊತ್ತಾದದ್ದು ಹಾಗೆ.

ಏರುವುದು 58 ನಾಟ್‌ನಲ್ಲಿ, ಅವಸರವಿಲ್ಲದೆ. ಸಾವಿರ ಅಡಿ ಮೇಲಿನಿಂದ ಮೇ ತಿಂಗಳ ಕೇಂಬ್ರಿಡ್ಜ್‌ಶೈರ್ ಎಂದರೆ ಹಳದಿ ಚೌಕಗಳು. ಸಾಸಿವೆ ಜಾತಿಯ ರೇಪ್‌ಸೀಡ್ ಹೂ ಬಿಟ್ಟಿತ್ತು, ನಮ್ಮ ಹುಚ್ಚೆಳ್ಳಿನ ಹೊಲಗಳಂತೆ, ಆದರೆ ಎಕರೆಗಟ್ಟಲೆ ಒಂದೇ ಬಣ್ಣ. ಉತ್ತ ನೆಲದಲ್ಲಿ ಅಲ್ಲಲ್ಲಿ ಸುಣ್ಣ ಚೆಲ್ಲಿದಂಥ ಬಿಳಿ. ಅದು ಕೆಳಗಿನ ಸೀಮೆಸುಣ್ಣದ ಕಲ್ಲು. ಉತ್ತರಕ್ಕೆ ಕಿಂಗ್ಸ್ ಕಾಲೇಜಿನ ಚಾಪೆಲ್ ತಲೆಕೆಳಗಾಗಿ ಇಟ್ಟ ಮೇಜಿನಂತೆ ನಾಲ್ಕು ಕಾಲೆತ್ತಿ ನಿಂತಿತ್ತು. ದಕ್ಷಿಣದ ಕಡೆ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದ ಆಕಾಶ, ಅತ್ತ ಮೂಗು ಹಾಕುವಂತಿಲ್ಲ.

ಪೈಲಟ್ ಸ್ಟಿಕ್ ಬಿಟ್ಟುಕೊಡುವುದು ಇಲ್ಲಿ. ಟೈಗರ್ ಮಾತ್ ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎನ್ನುವ ಮಾತು ಹಳಬರಲ್ಲಿದೆ. ಅದು ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ರೆಕ್ಕೆ ವಾಲಿಸುವ ಏಲರಾನ್‌ಗಳು ಕೆಳರೆಕ್ಕೆಯಲ್ಲಿ ಮಾತ್ರ ಇವೆ. ಸ್ಟಿಕ್ ಬಲಕ್ಕೆ ಬಾಗಿಸಿದರೆ ರೆಕ್ಕೆಯೇನೋ ಬಲಕ್ಕೆ ವಾಲುತ್ತದೆ, ಮೂಗು ಮಾತ್ರ ಮುನಿಸಿಕೊಂಡಂತೆ ಎಡಕ್ಕೆ ಹೋಗುತ್ತದೆ. ರಡ್ಡರ್ ಜೊತೆಗೂಡಿದರಷ್ಟೇ ತಿರುವು. ಎಷ್ಟು ರಡ್ಡರ್? ಮಾಪಕ ನೋಡಬೇಕಿಲ್ಲ, ಕೆನ್ನೆ ಸಾಕು. ಬಲಗೆನ್ನೆಗೆ ಗಾಳಿ ಬಡಿಯಿತೆಂದರೆ ವಿಮಾನ ಬಲಕ್ಕೆ ಜಾರುತ್ತಿದೆ, ಬಲಗಾಲು ಒತ್ತು. ಎರಡೂ ಕೆನ್ನೆಗೆ ಸಮ ಗಾಳಿ ಬಂದರೆ ತಿರುವು ಶುದ್ಧ. ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಈ ಪಾಠ ಸಿಗುವುದಿಲ್ಲ. ಎರಡನೇ ಮಹಾಯುದ್ಧದ ಸಾವಿರಾರು ಪೈಲಟ್‌ಗಳು ಕಲಿತದ್ದು ಹೀಗೆ, ಕೆನ್ನೆಯಲ್ಲಿ.

ಇಳಿಯುವಾಗ ಎಂಜಿನ್ ಬಹುತೇಕ ಮೌನ. ತಂತಿಗಳ ನಡುವೆ ಗಾಳಿ ಸುಯ್ಯೆನ್ನುತ್ತದೆ. ವೇಗ ಕಡಿಮೆಯಾದಂತೆ ಆ ಶ್ರುತಿ ಇಳಿಯುತ್ತದೆ. ಇಳಿಯಲು ನೆರವಾಗುವ ಫ್ಲಾಪ್ ಎಂಬ ರೆಕ್ಕೆಯಂಚಿನ ಪಟ್ಟಿ ಇದಕ್ಕಿಲ್ಲ. ಎತ್ತರ ಹೆಚ್ಚಾಯಿತೆಂದರೆ ಒಂದು ರೆಕ್ಕೆ ತಗ್ಗಿಸಿ, ಎದುರು ಕಡೆಯ ರಡ್ಡರ್ ಕೊಟ್ಟು, ಪಕ್ಕಕ್ಕೆ ಜಾರಿಸಿ ಇಳಿಸುತ್ತಾರೆ. ಹುಲ್ಲಿನ ಮೇಲೆ ಸಮವಾಗಿ, ಸ್ಟಿಕ್ ಹಿಂದೆ, ಇನ್ನೂ ಹಿಂದೆ. ಎರಡು ಚಕ್ರ ಮತ್ತು ಬಾಲದ ಕಡ್ಡಿ ಒಟ್ಟಿಗೆ ನೆಲ ಮುಟ್ಟಬೇಕು. ಅವತ್ತು ಚಕ್ರ ಒಂದು ಕ್ಷಣ ಮೊದಲು ಮುಟ್ಟಿತು, ವಿಮಾನ ಕುಪ್ಪಳಿಸಿತು. "ಎರಡು ಲ್ಯಾಂಡಿಂಗ್, ಒಂದೇ ದುಡ್ಡು" ಎಂದು ಹಿಂದಿನಿಂದ ಮಾತು ಬಂತು.

ನಾಲ್ಕನೇ ದಿನ: ಓಲ್ಡ್ ವಾರ್ಡನ್

ಬಿಗಲ್ಸ್‌ವೇಡ್ ಹತ್ತಿರದ ಓಲ್ಡ್ ವಾರ್ಡನ್‌ನಲ್ಲಿ ಶಟಲ್‌ವರ್ತ್ ಸಂಗ್ರಹ ಇದೆ. ರಿಚರ್ಡ್ ಶಟಲ್‌ವರ್ತ್ ಎಂಬ ಸಿರಿವಂತ ಯುವಕ ಹಳೆಯ ವಿಮಾನಗಳನ್ನು ಕೂಡಿಹಾಕತೊಡಗಿದ. 1940ರಲ್ಲಿ ವಾಯುಪಡೆಯ ತರಬೇತಿ ಹಾರಾಟದಲ್ಲೇ ತೀರಿಕೊಂಡ. ಅವನು 1932ರಲ್ಲಿ ಕೊಂಡ ಮಾತ್ ಇನ್ನೂ ಅಲ್ಲೇ ಇದೆ, ಹಾರುತ್ತದೆ.

ಟೈಗರ್ ಮಾತ್‌ನ ಅಜ್ಜನಂಥ ಅವ್ರೋ 504 ನೋಡಬೇಕಾದ್ದು ಇಲ್ಲಿ. ಅದರ ರೋಟರಿ ಎಂಜಿನ್‌ನಲ್ಲಿ ಪ್ರೊಪೆಲ್ಲರ್ ಜೊತೆ ಸಿಲಿಂಡರುಗಳೂ ಗಿರಗಿರ ತಿರುಗುತ್ತವೆ. ಪೆಟ್ರೋಲ್ ಮಿಶ್ರಣ ಎಂಜಿನ್ನಿನ ಹೊಟ್ಟೆಯ ಮೂಲಕವೇ ಹಾದುಹೋಗುವುದರಿಂದ ಮಾಮೂಲಿ ಎಣ್ಣೆ ಹಾಕಿದರೆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗಿಬಿಡುತ್ತದೆ. ಸುಲಭಕ್ಕೆ ಕರಗದ್ದು ಹರಳೆಣ್ಣೆ. ಒಮ್ಮೆ ಹೋದ ಎಣ್ಣೆ ಮತ್ತೆ ಬರುವುದಿಲ್ಲ, ಸುಟ್ಟು ಹೊರಗೆ ಉಗಿಯುತ್ತದೆ, ಹಿಂದೆ ಕೂತವನ ಮುಖಕ್ಕೆ. ನಮ್ಮ ಕಡೆ ಹರಳೆಣ್ಣೆ ಕುಡಿಸಿಕೊಂಡು ಬೆಳೆದವರಿಗೆ ಅದರ ಫಲ ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಚಾಲೂ ಮಾಡಲು ಹಕ್ಸ್ ಸ್ಟಾರ್ಟರ್ ಎಂಬ ಹಳೆಯ ಫೋರ್ಡ್ ಗಾಡಿಯೂ ಇದೆ. ಅದರ ನೆತ್ತಿಯಿಂದ ಚಾಚಿದ ಉದ್ದನೆಯ ದಂಡ ಪ್ರೊಪೆಲ್ಲರಿನ ಗುಬುಟಿಗೆ ಕಚ್ಚಿಕೊಂಡು ತಿರುಗಿಸುತ್ತದೆ.

ಪ್ರದರ್ಶನದ ದಿನ ಹೋಗುವವರು ಸಂಜೆಯವರೆಗೆ ಕಾಯಬೇಕು. 1909ರ ಬ್ಲೇರಿಯೊದಂಥ ಮುದುಕ ವಿಮಾನಗಳನ್ನು ಹೊರಗೆ ತರುವುದು ಗಾಳಿ ಪೂರ್ತಿ ನಿಂತ ಮೇಲೆ, ದಿನದ ಕೊನೆಗೆ. ಮಧ್ಯಾಹ್ನವೇ ಬಸ್ಸು ಹಿಡಿದವರಿಗೆ ಅದು ತಪ್ಪಿಹೋಗುತ್ತದೆ. ನಡುವೆ ಮಳೆ ಬಂತು. ಚೀಸ್ ಹಾಕಿದ ಬಿಸಿ ಸ್ಕೋನ್, ಚಹಾ, ಹ್ಯಾಂಗರ್ ತಗಡಿನ ಮೇಲೆ ಮಳೆಯ ಸದ್ದು.

ಐದನೇ ದಿನ: ಲಂಡನ್ ಕಾಲ್ನಿ

ಹೀಥ್ರೋ ದಾರಿಯಲ್ಲೇ ಡಿ ಹ್ಯಾವಿಲೆಂಡ್ ಮ್ಯೂಸಿಯಂ. ವಾರದ ಎಲ್ಲ ದಿನ ತೆರೆದಿರುತ್ತದೆ ಎಂದು ನೆಚ್ಚದೆ ಮೊದಲೇ ವಿಚಾರಿಸಿ ಹೋಗಬೇಕು. 1940ರ ಮೊದಲ ಮಸ್ಕಿಟೊ ಯುದ್ಧವಿಮಾನ ಇಲ್ಲಿದೆ. ಆದರೆ ಈ ಪ್ರವಾಸಕ್ಕೆ ಹತ್ತಿರದ್ದು ಕ್ವೀನ್ ಬೀ. ಟೈಗರ್ ಮಾತ್‌ನ ರೆಕ್ಕೆ, ಮರದ ಒಡಲು, ಒಳಗೆ ಮನುಷ್ಯನಿಲ್ಲ, ರೇಡಿಯೊದಿಂದ ನಡೆಸುವುದು. ಫಿರಂಗಿ ಅಭ್ಯಾಸಕ್ಕೆ ಗುರಿಯಾಗಿ 1935ರಿಂದ ಹಾರಿಸಿದರು. ಪೈಲಟ್ ಇಲ್ಲದ ವಿಮಾನಕ್ಕೆ ಡ್ರೋನ್, ಅಂದರೆ ಗಂಡುಜೇನು, ಎಂಬ ಹೆಸರು ಅಂಟಿದ್ದು ಈ ರಾಣಿಜೇನಿನಿಂದಲೇ ಎನ್ನುವವರು ಬಹಳ.

ಅಲ್ಲಿನ ಸ್ವಯಂಸೇವಕರೊಬ್ಬರು ಎಲ್ಲಿಂದ ಬಂದಿರೆಂದು ಕೇಳಿದರು. ಬೆಂಗಳೂರು ಅಂದಾಗ ಅವರಿಗೆ ನೆನಪಾದದ್ದು ಸಾಫ್ಟ್‌ವೇರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನದ ಮಾತು ತೆಗೆದದ್ದು ಆಗ. ಪೂರ್ತಿ ಲೋಹದ್ದು, ಒಂದೇ ಅಂತಸ್ತಿನ ರೆಕ್ಕೆ; ನಮ್ಮ ವಾಯುಪಡೆಯ ಶಾಲೆಗಳಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂದದ್ದು ಅದೇ. ಆಮೇಲೆ ತಯಾರಾದವಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಕೂರಿಸಿದರು. ಆದರೆ 1951ರ ಆಗಸ್ಟ್‌ನಲ್ಲಿ ಮೊಟ್ಟಮೊದಲು ಹಾರಿದ ಎಚ್‌ಟಿ-2ರ ಮೂಗಿನಲ್ಲಿದ್ದದ್ದು ಜಿಪ್ಸಿ ಮೇಜರ್ 10, ಇದೇ ಎಂಜಿನ್ನಿನ 145 ಅಶ್ವಶಕ್ತಿಯ ತಮ್ಮ. ತಿರುಗುವುದೂ ಅಣ್ಣನಂತೆ ಎಡಕ್ಕೇ. ಬೆಂಗಳೂರಿನ ರನ್‌ವೇ ಮೇಲೆ ಅವತ್ತೂ ಒತ್ತಿದ್ದು ಎಡಗಾಲನ್ನೇ ಇರಬೇಕು.